ಟೇಪು ಓದದಿದ್ದರೆ ದೋಷವನ್ನು ಎಲ್ಲಿ ಹುಡುಕಬೇಕು?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಓಡುಹಾದಿ ಒಂದೇ. ಒಂದು ಸಲಕ್ಕೆ ಒಂದೇ ವಿಮಾನ ಅದನ್ನು ಬಳಸಬೇಕು. ಸರದಿಯನ್ನು ನಿಯಂತ್ರಣ ಗೋಪುರವು ಗೊತ್ತುಮಾಡುತ್ತದೆ. ಗಣಕಯಂತ್ರದಲ್ಲಿಯೂ ಇಂತಹ ಹಾದಿಯೊಂದುಂಟು. ಡಿಸ್ಕು, ಟೇಪ್ ಡ್ರೈವ್ ಮೊದಲಾದವು ಒಂದೇ ಕೇಬಲಿನ ಮೂಲಕ ಯಂತ್ರದೊಡನೆ ವ್ಯವಹರಿಸುತ್ತವೆ. ಈ ಸಮಾನ ಹಾದಿಗೆ ‘ಬಸ್’ ಎಂದು ಹೆಸರು. 1986ರಲ್ಲಿ ಪ್ರಮಾಣೀಕೃತವಾದ ‘ಸ್ಕಜಿ’ ಎಂಬ ಬಸ್ಸಿನಲ್ಲಿ ಗೋಪುರವಿಲ್ಲ. ಪ್ರತಿಯೊಂದು ಉಪಕರಣಕ್ಕೂ 0ಯಿಂದ 7ರವರೆಗಿನ ಒಂದು ಸಂಖ್ಯೆಯುಂಟು. ಎರಡು ಉಪಕರಣಗಳು ಏಕಕಾಲದಲ್ಲಿ ಹಾದಿಯನ್ನು ಬೇಡಿದರೆ ದೊಡ್ಡ ಸಂಖ್ಯೆಯದಕ್ಕೆ ಅದು ಸಲ್ಲುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಐಬಿಎಂ 360/44 ಯಂತ್ರವು ಸ್ಥಾಪಿತವಾಯಿತು. ಆ ಕಾಲದ ಯಂತ್ರಗಳಿಗೆ ಅರ್ಧ ಅಂಗುಲ ಅಗಲದ ಕಾಂತೀಯ ಟೇಪು ಸಾಮಾನ್ಯ ಸಂಗಾತಿ. 2,400 ಅಡಿ ಉದ್ದದ ಸುರುಳಿಯಲ್ಲಿ, ಅಂಗುಲಕ್ಕೆ 1,600 ಅಕ್ಷರಗಳಂತೆ, ನಡುವಣ ತೆರಪುಗಳನ್ನು ಬಿಟ್ಟರೆ ಸುಮಾರು 4 ಕೋಟಿ 60 ಲಕ್ಷ ಅಕ್ಷರಗಳು ಹಿಡಿಯುತ್ತವೆ. ಹಳೆಯ ಪ್ರಯೋಗಗಳ ಫಲಿತಾಂಶವು ಎಷ್ಟೋ ಸಲ ಇಂತಹ ಒಂದೇ ಪ್ರತಿಯಲ್ಲಿ ಉಳಿದಿರುತ್ತದೆ. ಅದು ಹೋದರೆ ಹೋಯಿತು. 1969ರ ಅಪೊಲೊ 11 ಯಾತ್ರೆಯ ಮೂಲ ಟೇಪುಗಳು ಬಹುಶಃ ಅಳಿಸಲ್ಪಟ್ಟು ಮರುಬಳಕೆಯಾದವೆಂದು 2009ರಲ್ಲಿ ನಾಸಾ ತಿಳಿಸಿತು.

ಆದಕಾರಣ ಮೊದಲನೆಯ ನಿಯಮವಿದು: ರಿಪೇರಿಗೆ ಕೈಹಾಕುವ ಮುನ್ನ ಟೇಪನ್ನು ಕಾಪಾಡಬೇಕು. ಹಳೆಯ ಸುರುಳಿಗಳ ಹಿಂಬದಿಯಲ್ಲಿ ಒಂದು ಪ್ಲಾಸ್ಟಿಕ್ ಬಳೆಯಿರುತ್ತದೆ; ಅದನ್ನು ತೆಗೆದರೆ ಯಂತ್ರವು ಅದರ ಮೇಲೆ ಬರೆಯಲಾರದು. ಈಚಿನ ಪೆಟ್ಟಿಗೆಗಳಲ್ಲಿ ಇದೇ ಕೆಲಸಕ್ಕೆ ಸಣ್ಣ ಜಾರುಗುಂಡಿಯಿದೆ. ಪರೀಕ್ಷೆಗೆಲ್ಲ ಬೇಡವಾದ ಟೇಪನ್ನೇ ಬಳಸಬೇಕು.

ಇನ್ನು ದೋಷವು ಟೇಪಿನಲ್ಲಿದೆಯೋ, ಡ್ರೈವಿನಲ್ಲಿದೆಯೋ, ಬಸ್ಸಿನಲ್ಲಿದೆಯೋ ಎಂಬುದನ್ನು ವಿಂಗಡಿಸೋಣ. ಯಾವ ಡ್ರೈವಿಗೆ ಹಾಕಿದರೂ ಅದೇ ಟೇಪು ಅದೇ ಸ್ಥಳದಲ್ಲಿ ತಪ್ಪಿದರೆ ದೋಷವು ಟೇಪಿನದು. ಒಂದೇ ಡ್ರೈವಿನಲ್ಲಿ ಎಲ್ಲ ಟೇಪುಗಳೂ ಅಲ್ಲಲ್ಲಿ ತಪ್ಪಿದರೆ ಡ್ರೈವಿನ ಓದುವ ತಲೆಯನ್ನು ಶಂಕಿಸಬೇಕು. ಡ್ರೈವ್ ಯಂತ್ರಕ್ಕೆ ಕಾಣಿಸದೆಯೇ ಹೋದರೆ, ಇಲ್ಲವೆ ಅದೇ ಕೇಬಲಿನ ಡಿಸ್ಕುಗಳೂ ತೊದಲಿದರೆ, ಬಸ್ಸನ್ನು ನೋಡಬೇಕು.

ತಲೆಯ ಮೇಲಿನ ಧೂಳು ಅಲ್ಪವೆಂದು ತೋರಬಹುದು. ಅದರ ಪರಿಣಾಮ ಅಲ್ಪವಲ್ಲ. ಮೇಲ್ಕಂಡ ಟೇಪಿನಲ್ಲಿ ಅತ್ಯಂತ ಚಿಕ್ಕ ಕಾಂತೀಯ ತರಂಗದ ಉದ್ದ ಸುಮಾರು 16 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಹದಿನಾರು. ಧೂಳಿನ ಕಣವೊಂದು ಟೇಪನ್ನು ತಲೆಯಿಂದ ಅಷ್ಟೇ ದೂರ ಎತ್ತಿದರೆ ಸಂಕೇತವು ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ತೆರೆದ ಸುರುಳಿಯ ಡ್ರೈವಿನಲ್ಲಿ ನೂಲು ಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ತಲೆಯನ್ನು ಒರಸಬೇಕು. ಪೆಟ್ಟಿಗೆಯ ಡ್ರೈವಿಗೆ ಅದಕ್ಕೆಂದೇ ಮಾಡಿದ ಶುದ್ಧೀಕರಣದ ಟೇಪನ್ನು ಹಾಕಬೇಕು.

ಬಸ್ಸಿನ ದೋಷದಲ್ಲಿ ಭೌತಶಾಸ್ತ್ರದ ಒಂದು ಹಳೆಯ ಪಾಠವಿದೆ. ಉದ್ದನೆಯ ಹಗ್ಗವನ್ನು ಒಮ್ಮೆ ಕೊಡವಿದರೆ ಅಲೆಯು ಕೊನೆಯವರೆಗೆ ಹೋಗಿ ಹಿಂದಿರುಗುವುದನ್ನು ವಾಚಕರು ಕಂಡಿರಬಹುದು. ಕೇಬಲಿನಲ್ಲಿ ವಿದ್ಯುತ್ ಸ್ಪಂದವೂ ಹಾಗೆಯೇ ಮರಳುತ್ತದೆ. ಅದರ ವೇಗ ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್. 6 ಮೀಟರ್ ಕೇಬಲಿನ ಕೊನೆಯನ್ನು ಮುಟ್ಟಿ ಮರಳಲು 60 ನ್ಯಾನೋಸೆಕೆಂಡು ಬೇಕು. ಸೆಕೆಂಡಿಗೆ 50 ಲಕ್ಷ ಸಲ ಮಾಹಿತಿ ಸಾಗುವಾಗ ಪ್ರತಿಯೊಂದು ಸಲಕ್ಕೂ ದೊರೆಯುವ ಕಾಲ 200 ನ್ಯಾನೋಸೆಕೆಂಡು. ಪ್ರತಿಫಲಿತ ಸ್ಪಂದವು ಈ ಅವಧಿಯೊಳಗೆ ಹಲವು ಸಲ ಓಡಾಡಿ ನಿಜವಾದ ಸಂಕೇತವನ್ನು ಕೆಡಿಸಬಲ್ಲುದು. ವೇಗವು ಇಮ್ಮಡಿಯಾದಾಗ ಕೇಬಲಿನ ಮಿತಿಯನ್ನು 6 ಮೀಟರಿನಿಂದ 3 ಮೀಟರಿಗೆ ಇಳಿಸಿದ್ದು ಇದಕ್ಕಾಗಿಯೇ.

ಈ ಅಲೆಯನ್ನು ಹೀರಿಕೊಳ್ಳಲು ಕೇಬಲಿನ ಎರಡು ಕೊನೆಗಳಲ್ಲಿಯೂ ‘ಟರ್ಮಿನೇಟರ್’ ಎಂಬ ರೋಧಕಗಳ ಗುಂಪು ಇರಬೇಕು. ಸರಳ ಬಗೆಯದರಲ್ಲಿ ಪ್ರತಿಯೊಂದು ಸಂಕೇತದ ತಂತಿಗೂ 220 ಮತ್ತು 330 ಓಮಿನ ಎರಡು ರೋಧಕಗಳಿದ್ದು, ಅವುಗಳ ಒಟ್ಟು ಪರಿಣಾಮ 132 ಓಮ್. ಒಂದು ಕೊನೆಯಲ್ಲಿ ಅದಿಲ್ಲದಿದ್ದರೆ ಅಲೆ ಮರಳುತ್ತದೆ. ನಡುವೆ ಮೂರನೆಯದನ್ನು ಸೇರಿಸಿದರೆ ಹೊರೆ ಹೆಚ್ಚಿ ಸಂಕೇತ ಸೊರಗುತ್ತದೆ. ಎರಡೇ ಇರಬೇಕು, ಕೊನೆಗಳಲ್ಲಿಯೇ ಇರಬೇಕು.

ಪರೀಕ್ಷಿಸುವ ಕ್ರಮ ಹೀಗಿರಲಿ. ವಿದ್ಯುತ್ತನ್ನು ಆರಿಸಿ, ಡ್ರೈವ್ ಒಂದನ್ನೇ ಚಿಕ್ಕ ಕೇಬಲಿನಿಂದ ಜೋಡಿಸಬೇಕು. ಅದರ ಸಂಖ್ಯೆಯು ಬೇರೆಯದಕ್ಕೆ, ವಿಶೇಷವಾಗಿ ಯಂತ್ರವೇ ಸಾಮಾನ್ಯವಾಗಿ ಇಟ್ಟುಕೊಳ್ಳುವ 7ಕ್ಕೆ, ಸಮನಾಗಿರಬಾರದು. ಎರಡು ಟರ್ಮಿನೇಟರುಗಳನ್ನೂ ಅವಕ್ಕೆ ಒದಗುವ ವಿದ್ಯುತ್ತನ್ನೂ ನೋಡಬೇಕು. ಎಲ್ಲವೂ ಸರಿಯಾಗಿ ನಡೆದರೆ ಉಳಿದ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು. ಯಾವುದನ್ನು ಸೇರಿಸಿದಾಗ ದೋಷ ಮರಳಿತೋ, ಅದರಲ್ಲಿ ಇಲ್ಲವೆ ಅದರ ಜೋಡಣೆಯಲ್ಲಿ ದೋಷವಿದೆ.

ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ಬರೆದಿಡುವುದು ಪ್ರಯೋಗಶಾಲೆಯ ಮೊದಲ ಶಿಸ್ತು. ಕೇಬಲು, ಸಂಖ್ಯೆ, ಟೇಪುಗಳನ್ನು ಒಟ್ಟಿಗೆ ಬದಲಿಸಿದವರಿಗೆ ಯಂತ್ರವು ಅಕಸ್ಮಾತ್ತಾಗಿ ಓದಿದರೂ ಕಾರಣ ತಿಳಿಯದು. ಮರುದಿನ ಅದೇ ತೊಂದರೆ ಕಾದಿರುತ್ತದೆ. ಓದು ಒಮ್ಮೆ ಸರಿಯಾಯಿತೆಂದರೆ ಮೊದಲ ಕೆಲಸವೆಂದರೆ ಅಮೂಲ್ಯ ಟೇಪಿನ ಇನ್ನೊಂದು ಪ್ರತಿಯನ್ನು ಮಾಡಿ ಬೇರೆಡೆಯಲ್ಲಿ ಇಡುವುದು.