ಬಾಣ ಬಿಡುವ ಮೊದಲೇ ದಾಳ ಉರುಳಲಿ

ಪ್ರಶ್ನೆ: ನನಗೆ 24 ವರ್ಷ. ನಾವು ಐವರು ಗೆಳೆಯರು ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಕಥೆ ನಡೆಸುವ ಡಿಎಂ ನಾನೇ. ಕಳೆದ ವಾರ ಸೇತುವೆಯ ಮೇಲೆ ಡಕಾಯಿತರ ನಾಯಕನ ಜೊತೆ ಸುಂಕದ ಮಾತುಕತೆ ನಡೆದಿತ್ತು. ಗೆಳತಿಯೊಬ್ಬಳು ಚೌಕಾಸಿ ಮಾಡುತ್ತಿದ್ದಾಗಲೇ ಒಬ್ಬ ಗೆಳೆಯ ‘ನಾನು ಅವನಿಗೆ ಬಾಣ ಬಿಟ್ಟೆ’ ಎಂದ. ನಾನು ಎಲ್ಲರಿಗೂ ಇನಿಶಿಯೇಟಿವ್, ಅಂದರೆ ಸರದಿ ನಿರ್ಧರಿಸುವ ದಾಳ, ಹಾಕಲು ಹೇಳಿದೆ. ಅವನಿಗೆ ಒಟ್ಟು 4 ಬಿತ್ತು, ಸರದಿ ಕೊನೆಗೆ ಹೋಯಿತು. ‘ಮೊದಲು ಹೇಳಿದ್ದು ನಾನು, ಕೊನೆಗೆ ಹೊಡೆಯೋದೂ ನಾನೇನಾ?’ ಎಂದ. ‘ರೂಲ್ಸ್ ಅಂದ್ರೆ ರೂಲ್ಸ್’ ಎಂದು ನಾನು ಮುಂದಿನವರ ಸರದಿಗೆ ಹೋದೆ. ಅವನು ಎದ್ದು ಮನೆಗೆ ಹೋಗಿಬಿಟ್ಟ. ಗೆಳತಿಗೂ ಬೇಸರ. ಸರದಿ ಯಾವಾಗ ಶುರು ಮಾಡಬೇಕಿತ್ತು?
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ದಾಳ ಹಾಕಿಸಿದ ಗಳಿಗೆ ಸರಿಯಾಗಿಯೇ ಇತ್ತು. ಎಡವಿದ್ದು ಅದಾದ ಮೇಲೆ.

ಒಬ್ಬರು ಕೈಮಾಡಲು ಹೊರಟು, ಎದುರಿನವರಿಗೆ ಅದನ್ನು ತಡೆಯುವ ಅವಕಾಶ ಇರುವಾಗ ಸರದಿ ಶುರುವಾಗಬೇಕು. ಏಟು ಬೀಳುವವರೆಗೆ ಕಾಯಬಾರದು. ‘ಬಾಣ ಬಿಟ್ಟೆ’ ಎಂದು ನಿಮ್ಮ ಗೆಳೆಯ ಹೇಳಿದಾಗ ಅವನ ಪಾತ್ರದ ಕೈ ಇನ್ನೂ ಬತ್ತಳಿಕೆಯ ಹತ್ತಿರ ಇತ್ತು. ಬಾಣ ತೆಗೆಯಬೇಕು, ಹೂಡಬೇಕು, ಎಳೆಯಬೇಕು. ಅಷ್ಟರಲ್ಲಿ ಡಕಾಯಿತ ಕತ್ತಿ ಹಿರಿಯಬಲ್ಲನೇ? ಈ ಪ್ರಶ್ನೆಗೆ ಉತ್ತರ ಕೊಡಲೆಂದೇ 20 ಮುಖದ ದಾಳಕ್ಕೆ ಡೆಕ್ಸ್ಟೆರಿಟಿ, ಅಂದರೆ ಚುರುಕುತನದ ಅಂಕ ಕೂಡಿಸುತ್ತೇವೆ. ಮೊದಲು ಬಾಯಿಬಿಟ್ಟವರಿಗೆ ಪುಕ್ಕಟೆ ಏಟು ಸಿಗುತ್ತದೆ ಎಂದಾದರೆ, ಮುಂದಿನ ವಾರದಿಂದ ಮೇಜಿನ ಸುತ್ತ ಎಲ್ಲರೂ ಮೊದಲು ಕೂಗುವವರೇ ಆಗುತ್ತಾರೆ. ಮಾತುಕತೆಗೆ ಜಾಗವೇ ಉಳಿಯುವುದಿಲ್ಲ.

‘ಹಠಾತ್ ದಾಳಿ ಅಲ್ಲವೇ?’ ಎಂದು ಅವನು ಕೇಳಬಹುದು. ಪೊದೆಯಲ್ಲಿ ಅಡಗಿದ್ದು, ಅವನ ಸ್ಟೆಲ್ತ್ (ಅಡಗುವ ಕೌಶಲ) ಡಕಾಯಿತರ ಪರ್ಸೆಪ್ಷನ್ (ಗಮನಿಸುವ ಕೌಶಲ) ಅನ್ನು ಮೀರಿದ್ದರೆ ಹೌದು. ಆಟದ 2014ರ ನಿಯಮದಂತೆ, ಅರಿವಿಲ್ಲದೆ ಸಿಕ್ಕಿಬಿದ್ದವರು ತಮ್ಮ ಮೊದಲ ಸರದಿಯಲ್ಲಿ ಕದಲುವಂತಿಲ್ಲ, ಏನೂ ಮಾಡುವಂತಿಲ್ಲ. 2024ರ ನಿಯಮದಲ್ಲಿ ಅವರು ಇನಿಶಿಯೇಟಿವ್‌ಗೆ ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಬೇಕು. ಎರಡರಲ್ಲೂ ಇನಿಶಿಯೇಟಿವ್ ಆದ ಮೇಲೆಯೇ ಮೊದಲ ಬಾಣ ಎಂಬುದನ್ನು ಗಮನಿಸಿ. ಇನ್ನು, ಸೇತುವೆಯ ಮೇಲೆ ಎದುರುಬದುರು ನಿಂತು ಸುಂಕ ಕೇಳುತ್ತಿರುವ ಡಕಾಯಿತ ಮೈಯೆಲ್ಲಾ ಕಣ್ಣಾಗಿರುತ್ತಾನೆ. ಅಲ್ಲಿ ಹಠಾತ್ ಎಂಬುದು ಕಷ್ಟ.

ಈಗ ನಿಮ್ಮ ತಪ್ಪಿಗೆ ಬರೋಣ. ಬಿದ್ದ 4ನ್ನು ನೀವು ಬರೀ ಅಂಕಿಯಾಗಿ ಬಿಟ್ಟಿರಿ. ‘ನಿನ್ನ ಬೆರಳು ಬಾಣದ ಗರಿಗೆ ತಾಗಿತು. ನಾಣ್ಯ ಎಣಿಸುತ್ತಿದ್ದ ನಾಯಕ ಎಣಿಕೆ ನಿಲ್ಲಿಸಿ ನಿನ್ನನ್ನೇ ನೋಡಿದ’ ಎಂದು ಹೇಳಿದ್ದರೆ, ತನ್ನಿಂದಲೇ ಇದೆಲ್ಲ ಶುರುವಾಯಿತು ಎಂದು ಗೆಳೆಯನಿಗೆ ಅನಿಸುತ್ತಿತ್ತು. ಒಂದು ರೌಂಡ್ ಎಂದರೆ ಸುಮಾರು 6 ಸೆಕೆಂಡು. ಎಲ್ಲರ ಸರದಿಯೂ ಅದರೊಳಗೇ ನಡೆಯುತ್ತದೆ. ಕೊನೆಯವನು ಹಿಂದೆ ಬಿದ್ದದ್ದು ಕಣ್ಣು ಮಿಟುಕಿಸುವಷ್ಟು ಮಾತ್ರ. ತನ್ನ ಸರದಿ ಬಂದಾಗ ಬಾಣ ಬಿಡುವುದೋ ಬಿಲ್ಲು ಇಳಿಸುವುದೋ ಎಂದು ಅವನು ಮತ್ತೆ ತೀರ್ಮಾನಿಸಬಹುದು.

ಗೆಳತಿಯ ಬೇಸರಕ್ಕೂ ಇಲ್ಲೇ ಮದ್ದಿದೆ. ಸರದಿ ಶುರುವಾದರೆ ಹೊಡೆದಾಟ ಆಗಲೇಬೇಕೆಂದಿಲ್ಲ. ಅವಳ ಸರದಿ ಮೊದಲು ಬಂದಿದ್ದರೆ, ಅವಳು ಗೆಳೆಯನ ಬಿಲ್ಲಿಗೆ ಅಡ್ಡ ನಿಂತು ‘ತಡೆಯಿರಿ, ಎರಡು ನಾಣ್ಯ ಹೆಚ್ಚು ಕೊಡುತ್ತೇವೆ’ ಎನ್ನಬಹುದಿತ್ತು. ಆ ಅವಕಾಶವನ್ನು ಡಿಎಂ ಆದ ನೀವೇ ನೆನಪಿಸಬೇಕಿತ್ತು.

ತೀರಾ ಬೇಗ ದಾಳ ಹಾಕಿಸುವುದೂ ತಪ್ಪೇ. ಮೇಜಿನ ಮೇಲೆ ನಕ್ಷೆ ಹಾಸಿ ಇನಿಶಿಯೇಟಿವ್ ಎಂದರೆ ಸಾಕು, ಎಲ್ಲರೂ ಕತ್ತಿ ಹಿರಿಯುತ್ತಾರೆ. 1974ರ ಮೂಲ ಆಟದಲ್ಲೇ, ಎದುರಾದ ಜೀವಿ ಹಗೆಯೋ ಸ್ನೇಹಿತನೋ ಎಂದು ನೋಡಲು ಆರು ಮುಖದ ಎರಡು ದಾಳ ಉರುಳಿಸುವ ಕ್ರಮವಿತ್ತು. ಹೊಡೆದಾಟವೇ ಮೊದಲ ದಾರಿ ಎಂದು ಆಗಿನ ನಿಯಮವೂ ಹೇಳಿರಲಿಲ್ಲ.

ಭಾನುವಾರಕ್ಕೆ ಕಾಯದೆ ಗೆಳೆಯನಿಗೆ ಫೋನ್ ಮಾಡಿ. ‘ದಾಳ ಹಾಕಿಸಿದ್ದು ಸರಿ, ನಿನ್ನನ್ನು ಹಾಗೆ ಬಿಟ್ಟು ಮುಂದೆ ಹೋದದ್ದು ತಪ್ಪು’ ಎಂದು ಹೇಳಿ. ಆಟಕ್ಕೆ ಕೂತ ಕೂಡಲೇ ಐವರೂ ಸೇರಿ ಮೂರು ಮಾತು ಒಪ್ಪಿಕೊಳ್ಳಿ: ಯಾರಾದರೂ ಕೈಮಾಡುತ್ತೇನೆ ಎಂದ ತಕ್ಷಣ ಸರದಿ, ಅಡಗಿದ್ದವರಿಗೆ ಮಾತ್ರ ಹಠಾತ್ ದಾಳಿಯ ಲಾಭ, ಡಕಾಯಿತರು ಮೊದಲು ಬಿಲ್ಲೆತ್ತಿದರೂ ಇದೇ ನಿಯಮ. ಮೂರನೆಯದನ್ನು ನೀವು ತಪ್ಪದೆ ಪಾಲಿಸಿ. ಡಿಎಂನ ಡಕಾಯಿತನಿಗೂ ಪುಕ್ಕಟೆ ಬಾಣವಿಲ್ಲ ಎಂದು ಕಂಡಾಗ ನಿಮ್ಮ ಗೆಳೆಯ ಈ ನಿಯಮವನ್ನು ತನ್ನದೆಂದೇ ಒಪ್ಪುತ್ತಾನೆ.