ಅಲ್ಪ ಬಂಡವಾಳದ ನವೋದ್ಯಮಗಳು ಮತ್ತು ಸಾರ್ವಜನಿಕ ಸಂಪರ್ಕ ವೆಚ್ಚ

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಗೆ ಚಾಲನೆ ನೀಡಿದ ಬಳಿಕ ಅನೇಕ ಯುವಕ ಯುವತಿಯರು ಸ್ವಂತ ಉದ್ಯಮದತ್ತ ಮುಖ ಮಾಡಿದ್ದಾರೆ. ಪತ್ರಿಕೆಗಳಲ್ಲಿ ಹೆಸರು ಕಾಣಿಸಿಕೊಳ್ಳಲು ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದನ್ನು ನೇಮಿಸಬೇಕೇ ಎಂಬ ಪ್ರಶ್ನೆಯನ್ನು ಇವರಲ್ಲಿ ಹಲವರು ಆರಂಭದಲ್ಲಿಯೇ ಎದುರಿಸುತ್ತಾರೆ. ಇದಕ್ಕೆ ಉತ್ತರವನ್ನು ಮೊದಲು ಲೆಕ್ಕಪುಸ್ತಕದಲ್ಲಿ ಹುಡುಕುವುದು ಕ್ಷೇಮ.

ಜಾಹೀರಾತು ಬೇರೆ, ಸಂಪರ್ಕ ಬೇರೆ

ಜಾಹೀರಾತಿನಲ್ಲಿ ಹಣ ತೆತ್ತವರಿಗೆ ಸ್ಥಳ ದೊರೆಯುವುದು ಖಚಿತ. ಸಾರ್ವಜನಿಕ ಸಂಪರ್ಕ ಸಂಸ್ಥೆಯಾದರೋ ಮಾಹಿತಿಯನ್ನು ಸಿದ್ಧಪಡಿಸಿ ವರದಿಗಾರರಿಗೆ ತಲುಪಿಸುತ್ತದೆ. ಅದನ್ನು ಪ್ರಕಟಿಸುವ ಅಥವಾ ಕೈಬಿಡುವ ಅಧಿಕಾರ ಸಂಪಾದಕರದು. ಹೀಗಾಗಿ ಇಲ್ಲಿ ಶುಲ್ಕ ನಿಶ್ಚಿತ, ಫಲ ಅನಿಶ್ಚಿತ.

ಒಂದು ಉದಾಹರಣೆ

ಸಿರಿಧಾನ್ಯದ ತಿನಿಸು ತಯಾರಿಸುವ ಒಂದು ಘಟಕದ ಬಳಿ 20 ಲಕ್ಷ ರೂ. ಇದೆ ಎಂದೂ, ಮಾರಾಟದ ಆದಾಯವನ್ನು ಕಳೆದು ಪ್ರತಿ ತಿಂಗಳೂ ಅದರಿಂದ 2 ಲಕ್ಷ ರೂ. ಕರಗುತ್ತಿದೆ ಎಂದೂ ಭಾವಿಸಬಹುದು. ಈ ಹಣ 10 ತಿಂಗಳಿಗೆ ಸಾಕು. ಮಾಸಿಕ 60,000 ರೂ. ಶುಲ್ಕಕ್ಕೆ ಸಂಪರ್ಕ ಸಂಸ್ಥೆಯನ್ನು ನೇಮಿಸಿದರೆ, ಶೇ. 18ರ ಜಿಎಸ್‌ಟಿ ಸೇರಿ ಹೊರೆ 70,800 ರೂ. ಆಗುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಅಥವಾ ರಾಜಿ ತೆರಿಗೆ ಪದ್ಧತಿಯಲ್ಲಿರುವ ಘಟಕಕ್ಕೆ ಈ ತೆರಿಗೆಯ ಜಮೆಯೂ ದೊರೆಯದು. ಮಾರಾಟ ಹೆಚ್ಚದಿದ್ದರೆ 10 ತಿಂಗಳ ಹಣ ಏಳೂವರೆ ತಿಂಗಳೊಳಗೆ ಮುಗಿಯುತ್ತದೆ. ಪೊಟ್ಟಣವೊಂದಕ್ಕೆ 40 ರೂ. ಉಳಿಯುವುದಾದರೆ, ಈ ಶುಲ್ಕವನ್ನು ಮರಳಿ ಗಳಿಸುವುದಕ್ಕೇ ತಿಂಗಳಿಗೆ 1,770 ಪೊಟ್ಟಣಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕು.

ಲೆಕ್ಕಪತ್ರ ಮತ್ತು ಕಾನೂನು

ಈ ವೆಚ್ಚವು ಹೆಸರನ್ನು ಕಟ್ಟುವ ಹೂಡಿಕೆಯಾದ್ದರಿಂದ ಅದನ್ನು ಆಸ್ತಿಯೆಂದು ತೋರಿಸಬಹುದೆಂಬ ಭಾವನೆ ಕೆಲವರಲ್ಲಿದೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಜಾಹೀರಾತು ಹಾಗೂ ಪ್ರಚಾರದ ವೆಚ್ಚವನ್ನು ಅದು ಉಂಟಾದಾಗಲೇ ಲಾಭ-ನಷ್ಟ ಖಾತೆಗೆ ಖರ್ಚು ಹಾಕಬೇಕು. ಲಾಭವಿಲ್ಲದ ವರ್ಷದಲ್ಲಿ ಇದರಿಂದ ಆ ವರ್ಷದ ಆದಾಯ ತೆರಿಗೆಯ ಉಳಿತಾಯವೂ ಆಗದು.

ಹೂಡಿಕೆದಾರರನ್ನು ಸೆಳೆಯಲು ಪ್ರಚಾರ ಬಯಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕಂಪನಿಗಳ ಕಾಯ್ದೆ, 2013ರ 42ನೇ ಕಲಮಿನಂತೆ ಖಾಸಗಿ ಹಂಚಿಕೆಯ ಮೂಲಕ ಷೇರು ನೀಡುವ ಕಂಪನಿಯು ಆ ನೀಡಿಕೆಯನ್ನು ಮಾಧ್ಯಮಗಳ ಮೂಲಕ ಸಾರ್ವಜನಿಕರಿಗೆ ತಿಳಿಸುವಂತಿಲ್ಲ. ಉತ್ಸಾಹದಲ್ಲಿ ಹೊರಡಿಸಿದ ಒಂದು ಪತ್ರಿಕಾ ಹೇಳಿಕೆ ದಂಡಕ್ಕೆ ದಾರಿಯಾಗಬಹುದು.

ನೇಮಕ ಯಾವಾಗ ಸೂಕ್ತ?

1. ಗ್ರಾಹಕರು ಎರಡನೆಯ ಬಾರಿಯೂ ಬಂದು ಕೊಳ್ಳುತ್ತಿರುವಾಗ.
2. ಬೇಡಿಕೆ ಏರಿದರೆ ಪೂರೈಸುವ ಸಾಮರ್ಥ್ಯವಿರುವಾಗ.
3. ಆರು ತಿಂಗಳ ಶುಲ್ಕವನ್ನು ತೆಗೆದಿರಿಸಿದ ಮೇಲೂ ವೇತನ, ಬಾಡಿಗೆಗಳಿಗೆ ತೊಂದರೆಯಾಗದಿರುವಾಗ.

ಈ ಮೂರೂ ಕೂಡಿ ಬಂದಲ್ಲಿ, ಮೊದಲು ಉತ್ಪನ್ನದ ಬಿಡುಗಡೆಯಂತಹ ಒಂದೇ ಕಾರ್ಯಕ್ಕೆ ಸಂಸ್ಥೆಯನ್ನು ಗೊತ್ತುಪಡಿಸಿಕೊಳ್ಳಬಹುದು. ಮಾಸಿಕ ಒಪ್ಪಂದವಾದರೆ ಕೆಲಸದ ವ್ಯಾಪ್ತಿ ಮತ್ತು ಒಪ್ಪಂದ ಮುಗಿಸುವ ನೋಟೀಸಿನ ಅವಧಿ ಲಿಖಿತವಾಗಿರಲಿ. ಪ್ರಕಟವಾದ ವರದಿಗಳ ಸಂಖ್ಯೆಗಿಂತ ಅವುಗಳಿಂದ ಬಂದ ವಿಚಾರಣೆ ಹಾಗೂ ಬೇಡಿಕೆಗಳನ್ನು ದಾಖಲಿಸಿಡುವುದು ಮುಖ್ಯ.

ಅಲ್ಲಿಯವರೆಗೆ ಸ್ಥಾಪಕರೇ ಉದ್ಯಮದ ವಕ್ತಾರರು. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ, ಹೊರಗಿನ ಹೂಡಿಕೆಯನ್ನು ಪಡೆಯದೆ ಬೆಳೆಯಿತು. ‘ವಾರ್ಸಿಟಿ’ ಎಂಬ ಉಚಿತ ಪಾಠಮಾಲೆಯ ಮೂಲಕ ಹೂಡಿಕೆದಾರರಿಗೆ ಷೇರುಪೇಟೆಯ ತಿಳಿವಳಿಕೆ ನೀಡಿ ಅವರ ವಿಶ್ವಾಸ ಗಳಿಸಿತು. ತಮ್ಮ ವೃತ್ತಿಯ ತಿಳಿವಳಿಕೆಯನ್ನು ಸರಳವಾಗಿ ಹಂಚುವುದು, ಸ್ಥಳೀಯ ವರದಿಗಾರರಿಗೆ ನೇರವಾಗಿ ಪರಿಚಯವಾಗುವುದು, ವಾಣಿಜ್ಯ ಸಂಸ್ಥೆಗಳ ವಸ್ತುಪ್ರದರ್ಶನಗಳಲ್ಲಿ ಪಾಲ್ಗೊಳ್ಳುವುದು ಸಣ್ಣ ಉದ್ಯಮಿಗೂ ಸಾಧ್ಯ. ಇದಕ್ಕೆ ಹೆಚ್ಚಾಗಿ ತಗಲುವುದು ಸಮಯ. ಉಳಿದ ಬಂಡವಾಳವು ಸರಕಿನ ಗುಣಮಟ್ಟಕ್ಕೆ ಒದಗಿದರೆ, ಮುಂದೆ ಸಂಪರ್ಕ ಸಂಸ್ಥೆಯನ್ನು ನೇಮಿಸುವ ದಿನ ಬಂದಾಗ ಅದಕ್ಕೆ ಹೇಳಲು ಯೋಗ್ಯವಾದ ಸುದ್ದಿಯೂ ಇರುತ್ತದೆ.