ಪಂಪಿನ ನಿಯಂತ್ರಣ ಬೋರ್ಡಿನಲ್ಲಿ ಪಿನ್ನುಗಳ ಏರ್ಪಾಡು

ಬಾವಿಯಲ್ಲಿ ನೀರಿರುವುದನ್ನೂ ತೊಟ್ಟಿ ತುಂಬಿದುದನ್ನೂ ತಾನಾಗಿಯೇ ತಿಳಿದು ಪಂಪನ್ನು ನಡೆಸುವ ಅಥವಾ ನಿಲ್ಲಿಸುವ ಸಣ್ಣ ನಿಯಂತ್ರಣ ಬೋರ್ಡನ್ನು, ಯಂತ್ರಗಳಲ್ಲಿ ಅಭಿರುಚಿಯುಳ್ಳ ರೈತರು ಸ್ವಂತವಾಗಿ ಜೋಡಿಸಿಕೊಳ್ಳುವುದು ಸಾಧ್ಯವಾಗಿದೆ. ಬೋರ್ಡು ನಡೆಯುತ್ತಿರುವಾಗ ಹೇಗೆ ವರ್ತಿಸಬೇಕೆಂಬುದನ್ನು ಎಲ್ಲರೂ ಯೋಚಿಸುವರು. ಆದರೆ ನಿಂತುಹೋದ ವಿದ್ಯುಚ್ಛಕ್ತಿಯು ಮರಳಿ ಬಂದ ಮೊದಲನೆಯ ಕ್ಷಣದಲ್ಲಿ ಅದು ಏನು ಮಾಡುವುದೆಂಬುದೇ ಮುಖ್ಯವಾದ ಪ್ರಶ್ನೆ. ಆ ಕ್ಷಣದಲ್ಲಿ ಪಂಪು ತಾನೇ ತಿರುಗಿದರೆ, ಅದರ ಕಪ್ಲಿಂಗನ್ನು ಬಿಗಿಮಾಡುತ್ತಿರುವವನ ಕೈ ಹೋಗಬಹುದು, ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಪ್ರತಿಯೊಂದು ಪಿನ್ನನ್ನೂ ಅದರ ವಿರಾಮಸ್ಥಿತಿಯಲ್ಲಿ ಪಂಪು ನಿಂತಿರುವಂತೆಯೇ ಏರ್ಪಡಿಸತಕ್ಕದ್ದು.

ಆಟ್‌ಮೆಗಾ ೩೨೮ಪಿ ಎಂಬ ಚಿಪ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಬಹುಪಾಲು ಪಿನ್ನುಗಳನ್ನು ಹೊರಗಿನ ಸಂಕೇತವನ್ನು ಬರಮಾಡಿಕೊಳ್ಳುವ ಇನ್‌ಪುಟ್ಟಾಗಿಯಾಗಲಿ, ಆಜ್ಞೆಯನ್ನು ಹೊರಡಿಸುವ ಔಟ್‌ಪುಟ್ಟಾಗಿಯಾಗಲಿ ಉಪಯೋಗಿಸಬಹುದು. ಶಕ್ತಿಯು ಬಂದೊಡನೆ ಇವೆಲ್ಲವೂ ಇನ್‌ಪುಟ್ಟುಗಳಾಗಿರುವುವು. ಪ್ರೋಗ್ರಾಮು ಆಜ್ಞಾಪಿಸಿದ ಮೇಲೆಯೇ ಔಟ್‌ಪುಟ್ಟುಗಳಾಗುವುವು. ಈ ನಡುವಿನ ಕಾಲದಲ್ಲಿ ಪಿನ್ನು ಮೇಲಕ್ಕೂ ಸೇರದೆ ಕೆಳಕ್ಕೂ ಸೇರದೆ ತೇಲುತ್ತಿರುವುದು. ಇದೇ ಚಿಪ್ಪಿರುವ ಆರ್ಡುಯಿನೋ ಊನೋ ಬೋರ್ಡಿನಲ್ಲಿ ೧೩ನೆಯ ಪಿನ್ನು ಪ್ರಾರಂಭದಲ್ಲಿ ತಾನೇ ಮಿನುಗುವುದು. ೦ ಮತ್ತು ೧ನೆಯವು ಕಂಪ್ಯೂಟರಿನೊಡನೆ ವ್ಯವಹರಿಸುವುದಕ್ಕೆ ಬೇಕಾದವು. ಈ ಮೂರಕ್ಕೂ ಪಂಪಿನ ರಿಲೇಯನ್ನು ಜೋಡಿಸಕೂಡದು.

ಇನ್‌ಪುಟ್ಟುಗಳು: ಬಾವಿಯಲ್ಲಿ ನೀರಿರುವಾಗ ಕೂಡುವ ತೇಲು ಸ್ವಿಚ್ಚನ್ನೂ, ತೊಟ್ಟಿ ತುಂಬಿದಾಗ ಬಿಡುವ ತೇಲು ಸ್ವಿಚ್ಚನ್ನೂ ಬೇರೆ ಬೇರೆ ಪಿನ್ನುಗಳಿಗೆ ಸೇರಿಸಿ, ಪ್ರತಿಯೊಂದರ ಇನ್ನೊಂದು ತುದಿಯನ್ನು ಬೋರ್ಡಿನ ಗ್ರೌಂಡಿಗೆ ಜೋಡಿಸಬೇಕು. ಚಿಪ್ಪಿನೊಳಗೆ ಪಿನ್ನನ್ನು ೫ ವೋಲ್ಟಿನ ಕಡೆಗೆ ಎಳೆದು ಹಿಡಿಯುವ ೨೦,೦೦೦ದಿಂದ ೫೦,೦೦೦ ಓಮ್‌ಗಳ ರೆಸಿಸ್ಟರು ಉಂಟು. ತಂತಿಯು ಹೊಲದಲ್ಲಿ ದೂರ ಹೋಗುವುದಾದರೆ ಇದು ಸಾಲದು, ಹೊರಗೆ ೪,೭೦೦ ಓಮ್‌ಗಳದೊಂದನ್ನು ಸೇರಿಸುವುದು ಉತ್ತಮ. ಎರಡು ಪಿನ್ನುಗಳೂ ಕೆಳಮಟ್ಟದಲ್ಲಿದ್ದರೆ ಮಾತ್ರ ಪಂಪು ನಡೆಯಲೆಂದು ಪ್ರೋಗ್ರಾಮಿನಲ್ಲಿ ವಿಧಿಸಬೇಕು. ಹೀಗಿದ್ದರೆ ಇಲಿಯು ತಂತಿಯನ್ನು ಕಡಿದರೂ ಪಂಪು ನಿಲ್ಲುವುದೇ ಹೊರತು ಬರಿದಾಗಿ ಓಡಿ ಸುಡುವುದಿಲ್ಲ. ಆದರೆ ಎರಡು ತಂತಿಗಳು ಒಂದಕ್ಕೊಂದು ತಗಲಿದರೆ ಈ ಏರ್ಪಾಡಿಗೆ ತಿಳಿಯದಾದುದರಿಂದ ಅವುಗಳನ್ನು ಕೊಳವೆಯೊಳಗೆ ಒಯ್ಯತಕ್ಕದ್ದು.

ಔಟ್‌ಪುಟ್ಟು: ಒಂದು ಪಿನ್ನು ತಾಳಬಹುದಾದ ಪರಮಾವಧಿ ೪೦ ಮಿಲಿಆಂಪಿಯರು. ೫ ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿಯಾದರೋ ಸುಮಾರು ೭೦ ಮಿಲಿಆಂಪಿಯರನ್ನು ಎಳೆಯುವುದು. ಆದಕಾರಣ ನಡುವೆ ಎನ್‌ಪಿಎನ್ ಟ್ರಾನ್ಸಿಸ್ಟರೊಂದನ್ನಿಟ್ಟು, ಪಿನ್ನಿನಿಂದ ಅದರ ಬೇಸಿಗೆ ೧,೦೦೦ ಓಮ್‌ಗಳ ರೆಸಿಸ್ಟರನ್ನೂ, ಬೇಸಿನಿಂದ ಗ್ರೌಂಡಿಗೆ ೧೦,೦೦೦ ಓಮ್‌ಗಳದನ್ನೂ ಜೋಡಿಸಬೇಕು. ಪಿನ್ನು ತೇಲುತ್ತಿರುವಾಗ ಈ ಎರಡನೆಯದೇ ರಿಲೇಯನ್ನು ಬಿಟ್ಟ ಸ್ಥಿತಿಯಲ್ಲಿಡುವುದು. ಸುರುಳಿಯು ಬಿಡುವಾಗ ಹುಟ್ಟುವ ಎದುರು ವೋಲ್ಟೇಜಿನಿಂದ ಟ್ರಾನ್ಸಿಸ್ಟರು ಕೆಡದಂತೆ ಸುರುಳಿಗೆ ಅಡ್ಡಲಾಗಿ ಡಯೋಡೊಂದನ್ನು ವಿರುದ್ಧಮುಖವಾಗಿ ಹಾಕುವುದು ಅವಶ್ಯಕ.

ಅಂಗಡಿಯಲ್ಲಿ ದೊರೆಯುವ ಸಿದ್ಧ ರಿಲೇ ಬೋರ್ಡುಗಳಲ್ಲಿ ಅನೇಕವು ಪಿನ್ನು ಕೆಳಮಟ್ಟಕ್ಕೆ ಇಳಿದಾಗ ಕೂಡುವಂಥವು. ಇಂಥದಕ್ಕೆ ಟ್ರಾನ್ಸಿಸ್ಟರು ಬೇಕಿಲ್ಲ. ಆದರೆ ಪಿನ್ನಿನಿಂದ ೫ ವೋಲ್ಟಿಗೆ ೧೦,೦೦೦ ಓಮ್‌ಗಳ ರೆಸಿಸ್ಟರನ್ನು ಹಾಕಿ, ಪ್ರೋಗ್ರಾಮಿನಲ್ಲಿ ಮೊದಲು ಮೇಲ್ಮಟ್ಟವನ್ನು ಬರೆದು, ಅನಂತರವೇ ಔಟ್‌ಪುಟ್ಟೆಂದು ಗೊತ್ತುಮಾಡಬೇಕು. ಈ ಕ್ರಮವು ತಲೆಕೆಳಗಾದರೆ ಶಕ್ತಿ ಬಂದಾಗ ರಿಲೇಯು ಕ್ಷಣಮಾತ್ರ ಕೂಡುವ ಸಂಭವವುಂಟು.

ಪರೀಕ್ಷೆ: ಸ್ಟಾರ್ಟರನ್ನು ಸೇರಿಸುವುದಕ್ಕೆ ಮುಂಚೆ ಬರಿಯ ರಿಲೇಯನ್ನಿಟ್ಟುಕೊಂಡು, ಶಕ್ತಿಯನ್ನು ಹತ್ತು ಸಲ ಕೊಟ್ಟು ತೆಗೆದು ನೋಡಿರಿ. ಪ್ರೋಗ್ರಾಮಿನಲ್ಲಿ ಮೊದಲ ಎರಡು ನಿಮಿಷಗಳ ತಡೆಯನ್ನಿರಿಸಿ, ಆ ಅವಧಿಯಲ್ಲಿ ಒಂದು ಸಲವಾದರೂ ಟಿಕ್ಕೆಂಬ ಸದ್ದು ಕೇಳಿಸಿದರೆ ಬೋರ್ಡು ಯೋಗ್ಯವಲ್ಲವೆಂದು ತಿಳಿಯಬೇಕು. ಬಳಿಕ ರಿಲೇಯು ಕೂಡಿರುವಾಗ ತೇಲು ಸ್ವಿಚ್ಚುಗಳ ತಂತಿಗಳನ್ನು ಒಂದೊಂದಾಗಿ ಬಿಚ್ಚಿರಿ. ಪ್ರತಿಸಲವೂ ಅದು ಬಿಡಬೇಕು. ಸ್ಟಾರ್ಟರಿನ ಕಡೆಯ ಜೋಡಣೆಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ಬೋರ್ಡು ಎಷ್ಟೇ ಚೆನ್ನಾಗಿದ್ದರೂ, ಪಂಪಿಗೆ ಕೈಹಾಕುವ ಮೊದಲು ಮೈನ್ ಸ್ವಿಚ್ಚನ್ನು ಆರಿಸಿ ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದನ್ನು ಮರೆಯಬಾರದು.